ಕೆಂಚಮ್ಮ ಮಗ್ಗಕ್ಕೆ ಕೂತಿದ್ದು

ಒಂದಾನೊಂದು ಕಾಲದಲ್ಲಿ, ಮನೆಮನೇಲೂ ಕಂಬಳಿ ನೇಯ್ತಿದ್ದ ಒಂದು ಊರಲ್ಲಿ, ಏಯ್ ಪುಟ್ಟಿ, ಕಾಲು ಕಂಬಳಿ ಒಳಗಿಟ್ಕೊ, ಆಮೇಲೆ ಚಳಿ ಅಂತೀಯ, ಆ ಊರಲ್ಲಿ ಮೈಲಾರಿ ಅಂತ ಒಬ್ಬ ಇದ್ದನಂತೆ. ಅವನ ಹೆಂಡ್ತಿ ಕೆಂಚಮ್ಮ. ಅವಳು ಉಣ್ಣೆಯಿಂದ ನೂಲು ತೆಗೆಯೋಳು, ಇವನು ನೇಯೋನು. ಹೆಂಗಸರು ಮಗ್ಗಕ್ಕೆ ಕೂರೋ ಹಾಗೇ ಇರಲಿಲ್ಲವಂತೆ. ಮೈಲಾರಿ ನೇಯ್ದ ಕಂಬಳಿ ಮೇಲೆ ನೀರು ಹೊಯ್ದರೂ ಕೆಳಗೆ ಸೋರ್ತಿರಲಿಲ್ಲವಂತೆ, ಅಂಥಾ ಕೈ. ಆದರೆ ಅದೇ ಹಾಳು ಕೈ, ಒಂದು ಎಳೆ ಕಡಿದ್ರೆ ಸಾಕು, ನೀನು ನೂಲು ಸರಿಯಾಗಿ ತೆಗೆದಿಲ್ಲ ಅಂತ ಕೆಂಚಮ್ಮನ ಮೇಲೆ ಬೀಳ್ತಿತ್ತಂತೆ. ಊರಿನವರು ಗಂಡ ಹೆಂಡ್ತಿ ವಿಷಯ ನಮಗ್ಯಾಕೆ ಅಂತ ಬಾಗಿಲು ಹಾಕ್ಕೊಳ್ಳೋರಂತೆ. ಅವರ ಬಾಗಿಲಿಗೆ ಬೆಂಕಿ ಬೀಳ!

ಒಂದಿನ ಹೀಗೇ ಹೊಡೆದ, ಅವಳ ಮುಂಗೈ ಊದ್ಕೊಂಡು ನೂಲು ಹಿಡಿಯಕ್ಕೂ ಆಗಲಿಲ್ಲ. ಆಗ ಕೆಂಚಮ್ಮ ಏನಂದ್ಲು ಗೊತ್ತಾ? ಕೈ ಹಿಡಿದೋನು ಗಂಡ, ಕೈ ಮಾಡೋನು ನನಗೆ ಏನೂ ಅಲ್ಲ, ಅಂದು ಸೆರಗು ಸಿಗಿಸ್ಕೊಂಡು ಗುಡ್ಡ ಹತ್ತಿಬಿಟ್ಲಂತೆ. ನನ್ನ ಬಂಗಾರಿ! ಗುಡ್ಡದ ಮೇಲೆ ಒಬ್ಬ ಅಜ್ಜ, ಒಬ್ಬಳು ಅಜ್ಜಿ ಇದ್ರು, ಬಾಳು ಕೆಟ್ಟ ಜೋಡಿಗಳಿಗೆ ಬಾಳೋದು ಕಲಿಸೋರು. ಇಬ್ರೂ ಜೊತೇಲೇ ಕೂತು ಕಲೀಬೇಕು, ಅದೊಂದೇ ಕಟ್ಟಳೆ.

ಆಮೇಲೆ ಮೈಲಾರೀನೂ ಗುಡ್ಡ ಹತ್ತಿ ಬಂದು, ನನ್ನ ಹೆಂಡ್ತೀನ ಕಳಿಸಿ ಅಂದ. ಗುಡ್ಡದಜ್ಜಿ, ಕಳಿಸಕ್ಕೆ ಅವಳೇನು ಮೂಟೆಯಾ? ಮೂರು ಕೆಲಸ ಅವಳ ಜೊತೆ ಮಾಡು, ಬರೋದು ಬಿಡೋದು ಅವಳೇ ಹೇಳ್ತಾಳೆ, ಅಂದ್ಲಂತೆ.

ಮೊದಲನೇದು, ಎದುರುಬದುರು ಕೂತು ರಾಗಿ ಬೀಸೋದು. ಬೀಸೋವಾಗ ಹೆಂಗಸರು ಹೊಟ್ಟೇಲಿರೋದೆಲ್ಲ ಪದ ಕಟ್ಟಿ ಹಾಡ್ತಾರಲ್ಲ, ಅಷ್ಟು ವರ್ಷ ಅವಳು ಹಾಡಿದಾಗೆಲ್ಲ ಇವನು ಗೊರಕೆ ಹೊಡೀತಿದ್ದ. ಈಗ ಬೀಸೋ ಕಲ್ಲಿನ ಗೂಟ ಹಿಡ್ಕೊಂಡು ಕೂತಿದಾನೆ, ಎಲ್ಲಿಗೆ ಓಡ್ತಾನೆ? ಹೊಸಲಲ್ಲಿ ಹೆಜ್ಜೆ ಸದ್ದಾದ್ರೆ ನನ್ನೆದೆ ನಡುಗ್ತದೆ ಅಂತ ಹಾಡಿದ್ಲು. ಮೈಲಾರಿ ಕೈ ನಿಂತೇಹೋಯ್ತಂತೆ. ನನ್ನ ಹೆಜ್ಜೆಗಾ ಅಂದ. ಹೂಂ, ನಿನ್ನದಕ್ಕೇ, ಬೀಸು ಬೀಸು, ಅಂದ್ಲು.

ಎರಡನೇದು ಅಜ್ಜ ಹೇಳಿಕೊಟ್ಟಿದ್ದು. ಸಿಟ್ಟು ಬಂತೋ, ತುಟಿ ಬಿಚ್ಚಬೇಡ, ಎದ್ದು ಹೋಗಿ ಉಣ್ಣೆ ರಾಶಿ ಮುಂದೆ ಕೂತು ಅದರಲ್ಲಿ ಸಿಕ್ಕೊಂಡಿರೋ ಮುಳ್ಳು ಆರಿಸು, ಬೊಗಸೆ ತುಂಬಿದ ಮೇಲೆ ಬಂದು ಮಾತಾಡು. ಅವಸರ ಮಾಡಿದ್ರೆ ಬೆರಳಿಗೇ ಚುಚ್ಚುತ್ತೆ, ನನಗೂ ಈ ಅಜ್ಜೀನೇ ಹೀಗೆ ಕಲಿಸಿದ್ದು, ಅಂತ ತನ್ನ ಬೆರಳು ತೋರಿಸಿದನಂತೆ.

ಮೂರನೇದು ಕೇಳು, ನಿದ್ದೆ ಬಂತಾ? ಕೆಲಸ ಅದಲು ಬದಲು! ಅವನು ನೂಲು ತೆಗೀಬೇಕು, ಅವಳು ಮಗ್ಗಕ್ಕೆ ಕೂರಬೇಕು. ಊರಿಗೆ ಊರೇ ಗುಡ್ಡ ಹತ್ತಿ ನೋಡಕ್ಕೆ ಬಂತಂತೆ. ಕೆಂಚಮ್ಮ ಕೂತ್ಲು ನೋಡು, ಎಷ್ಟು ನೆಟ್ಟಗೆ! ನೇಯ್ತಾ ನೇಯ್ತಾ ಎಳೆ ಪಟ್ಟಂತ ಕಡೀತು. ಮೈಲಾರಿ ಕೈ ಮೇಲೆದ್ದೇಬಿಡ್ತು. ಅಯ್ಯೋ! ಕೆಂಚಮ್ಮ ತಲೆ ತಗ್ಗಿಸಲಿಲ್ಲ. ಈ ನೂಲು ತೆಗೆದಿದ್ದು ಯಾರು, ಅಂತ ಕೇಳಿದ್ಲಂತೆ.

ಅವನು ತನ್ನ ಕೈಯನ್ನೇ ನೋಡ್ಕೊಂಡ. ಆಮೇಲೆ ಮಾತಿಲ್ಲದೆ ಹೋಗಿ ಉಣ್ಣೆ ಮುಂದೆ ಕೂತವನು, ಹೊತ್ತು ಮುಳುಗೋವಾಗ ಬೊಗಸೆ ತುಂಬ ಮುಳ್ಳು ತಂದ. ನೂಲು ನಂದು, ತಪ್ಪೂ ನಂದೇ. ಇಷ್ಟು ದಿನ ಎಳೆ ಕಡಿದಾಗೆಲ್ಲ ನಿನ್ನನ್ನ ಹೊಡೆದಿದ್ದೂ ತಪ್ಪೇ. ಗಂಟು ಹಾಕಿಕೊಡಲಾ, ಅಂದ. ಗಂಟು ನಾನೇ ಹಾಕ್ತೀನಿ, ನೀನು ಆ ತುದಿ ಹಿಡ್ಕೊ, ಅಂದ್ಲಂತೆ. ಕಂಬಳಿ ಮುಗಿದ ಮೇಲೆ, ಮನೆಗೆ ಬರ್ತೀನಿ, ಆದರೆ ಗುಡ್ಡದ ದಾರಿ ನನ್ನ ಕಾಲಿಗೆ ಗೊತ್ತು, ಮರೀಬೇಡ, ಅಂದ್ಲು. ಅವನು ಮರೀಲಿಲ್ಲ. ಆಮೇಲಾಮೇಲೆ ಊರಿನ ಜೋಡಿಗಳೆಲ್ಲ ಇವರಿಬ್ಬರ ಹತ್ರಾನೇ ಕಲಿಯಕ್ಕೆ ಬಂದ್ರಂತೆ, ಹೆಂಗಸರೆಲ್ಲ ಮಗ್ಗಕ್ಕೆ ಕೂತ್ರಂತೆ.

ಅವತ್ತಿಂದ ಆ ಊರಲ್ಲಿ ಮದುವೆ ಗಂಡು ಬೊಗಸೆ ಮುಳ್ಳು ಆರಿಸಿ ತೋರಿಸದೆ ತಾಳಿ ಕಟ್ಟೋ ಹಾಗಿಲ್ಲ. ನಿಮ್ಮ ತಾತನೂ ಆರಿಸಿದ್ದ ಕಣೇ, ನಾನು ಎದುರಿಗೇ ಕೂತು ನೋಡಿದೀನಿ. ಆ ಉಣ್ಣೇದೇ ಈ ಕಂಬಳಿ, ನೇಯ್ದೋಳು ನಾನು. ಸವರಿ ನೋಡು, ಎಲ್ಲಾದ್ರೂ ಮುಳ್ಳು ಚುಚ್ಚುತ್ತಾ? ಇಲ್ಲ ತಾನೇ? ಹಾಗಾದ್ರೆ ಕತೆ ಮುಗೀತು, ಹೊದ್ಕೊಂಡು ಮಲ್ಕೋ.