ಹೆಸರು ಬಂದರೆ ಬರಿ

ಮರಿಮಾದ ಅಂತ ಒಬ್ಬ ಇದ್ದ ಕಣ್ರಪ್ಪ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದ. ಅವನವ್ವ ತಾಯಮ್ಮನಿಗೆ ಓದು ಬಾರದು. ಅವನಪ್ಪ ಹೊಂಬಯ್ಯ ಆ ಸೀಮೆಗೆಲ್ಲ ಬಾವಿ ತೋಡಿ, ಕೊನೆಗೆ ಒಂದು ಬಾವಿಯೊಳಗೇ ಮಣ್ಣು ಕುಸಿದು ಸತ್ತಿದ್ದ. ನೀರು ಕುಡಿಯುವವರು ಅವನನ್ನು ಮರೆತಿದ್ದರು. ಈಗ ತಾಯಮ್ಮನೂ ಹಾಸಿಗೆ ಹಿಡಿದಿದ್ದಳು. ತಾನೂ ಹೋದರೆ ಗಂಡ ಹುಟ್ಟಿಯೇ ಇರಲಿಲ್ಲ ಅನ್ನೋ ಹಾಗಾಗುತ್ತಲ್ಲ ಅನ್ನೋದೇ ಅವಳ ಸಂಕಟ.

“ಮಗಾ, ಈರಣ್ಣ ನಿಮ್ಮಪ್ಪನ ಜೊತೆ ಹಗ್ಗ ಹಿಡೀತಿದ್ದೋನು. ಹೋಗು, ಅವನ ಬಾಯಿಂದ ಬಂದದ್ದೆಲ್ಲ ಬರ್ಕೊಂಡ್ ಬಾ!”

ಹೋದ. ಬರೆದ. ಬಂದು ಓದಿದ: “ಖೊಕ್. ಖೊಕ್. ಥೂ. ಆ ನಾಯಿ ಓಡ್ಸ್ಲಾ. ಖೊಕ್ ಖೊಕ್. ನೀರ್ ಕೊಡ್ಲಾ. ಖೊಕ್.”

“ನಿಮ್ಮಪ್ಪನ ಇಚಾರ ಎಲ್ಲೋ?”

“ಅದ್ ಶುರು ಮಾಡೋ ಹೊತ್ಗೆ ಹಾಳೆ ಮುಗುದೋಯ್ತು ಕಣವ್ವ!”

ತಾಯಮ್ಮ ಹಣೆ ಹಣೆ ಚಚ್ಚಿಕೊಂಡಳು. “ಅಯ್ಯೋ ಬೆಪ್ಪೇ! ಕೆಮ್ಮಿದ್ದೆಲ್ಲ ಬರೀತಾರೇನೋ! ನಿಮ್ಮಪ್ಪನ ಹೆಸರು ಬಂದ್ರೆ ಬರಿ. ಬರದಿದ್ರೆ ಪೆನ್ಸಿಲ್ ಮುಟ್ಬೇಡ!”

“ಆಗ್ಲಿ ಕಣವ್ವ!”

ಮಾರನೇ ದಿನ ಹೋದ. ಬರೆದ. ಬಂದು ಹಲ್ಲು ಬಿಟ್ಟುಕೊಂಡು ಓದಿದ: “ಅಯ್ಯೋ ಅಪ್ಪಯ್ಯೋ, ನೀನೂ ಹೊಂಬಯ್ಯಮಾವನ ತಾವ್ಕೇ ಹೊಂಟೋದ್ಯಲ್ಲೋ!”

“ಇದನ್ಯಾರೋ ಹೇಳಿದ್ದು?”

“ಈರಣ್ಣನ ಮಗಳು. ಎದೆ ಬಡ್ಕೊಂಡು ಹೇಳುದ್ಲು. ನಾನು ‘ಇನ್ನೊಂದ್ಸಲ ಹೇಳಕ್ಕ, ಬರ್ಕೋತೀನಿ’ ಅಂದೆ. ಎಲ್ಲಾರೂ ದೊಣ್ಣೆ ತಗೊಂಡು ಅಟ್ಟಿಸ್ಕೊಂಡ್ ಬಂದ್ರು!”

ಈರಣ್ಣ ಹೋದ ಸುದ್ದಿ ತಾಯಮ್ಮನಿಗೆ ತಿಳಿದದ್ದು ಹೀಗೆ. ಅವನಿಗಾಗಿ ಅತ್ತಳು, ಮಗನಿಗಾಗಿ ಇನ್ನಷ್ಟು ಅತ್ತಳು.

“ಸಾವಿನ ಮನೇಲಿ ನಡುವೆ ಬಾಯಿ ಹಾಕ್ತಾರೇನೋ ಪಾಪಿ! ಇನ್ನೆಲ್ಲೂ ಹೋಗ್ಬೇಡ. ಉಳ್ದೋಳು ನಾನೊಬ್ಳೇ. ನಾನೇ ಹೇಳ್ತೀನಿ. ಮುಗಿಯೋಗಂಟ ತುಟಿ ಪಿಟಕ್ ಅನ್ಬೇಡ!”

“ಆಗ್ಲಿ ಕಣವ್ವ!”

ಎಡವಟ್ಟಾದದ್ದು ಇಲ್ಲೇ. ಗಂಡನ ಹೆಸರು ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತೆ ಅಂತ ಮದುವೆಯಾದ ಹೊಸದರಲ್ಲೇ ಅತ್ತೆ ಹೇಳಿಕೊಟ್ಟಿದ್ದಳು. ಗಂಡ ಸತ್ತು ಮಣ್ಣಾದರೂ ಆ ಹೆಸರು ತಾಯಮ್ಮನ ಬಾಯಿಗೆ ಬಂದಿರಲಿಲ್ಲ.

“ಅವರು ಮಣ್ಣು ಮೂಸಿ ನೋಡಿ, ಇಲ್ಲಿ ನೀರೈತೆ ಅಂತಿದ್ರು...”

ಹೆಸರು ಬಂತಾ? ಇಲ್ಲ. ಮರಿಮಾದ ಪೆನ್ಸಿಲ್ ಮುಟ್ಟಲಿಲ್ಲ.

“ನೀರು ಬಿದ್ದ ದಿನ ಮೊದಲ ಬೊಗಸೆ ನಂಗೇ ಕುಡಿಸೋರು. ಕೆಸರು ನೀರು. ಅಷ್ಟು ಸಿಹಿ ನೀರು ಇನ್ನೆಲ್ಲೂ ಕುಡೀನಿಲ್ಲ...”

ಬಂತಾ? ಇಲ್ಲ. ಮುಟ್ಟಲಿಲ್ಲ.

“ನೀನು ಹುಟ್ಟಿದ ಸುದ್ದಿ ಬಾವಿಯೊಳಗೇ ಕೇಳಿ, ನಿಮ್ಮಪ್ಪ ಅಲ್ಲೇ ನಿಂತು ನಿಂಗೆ ಹೆಸರಿಟ್ಟು ಕೂಗಿದ್ರು ಕಣೋ. ಬಾವಿ ತುಂಬ ನಿನ್ನದೇ ಹೆಸರು...”

ಮುಟ್ಟಲಿಲ್ಲ. ತುಟಿ ಪಿಟಕ್ ಅನ್ನಲೂ ಇಲ್ಲ.

ಹೊತ್ತು ಮುಳುಗಿತು. “ಎಲ್ಲ ಹೇಳ್ದೆ ಮಗಾ. ಈಗ ಹಗುರಾಯ್ತು,” ಅಂದಳು. ಉಸಿರು ಸಿಕ್ಕಿಕೊಂಡಿತು. ಸೂರು ನೋಡುತ್ತಾ, ಹುಟ್ಟಿದ ಮೇಲೆ ಮೊದಲ ಸಲ ಗಂಡನನ್ನು ಹೆಸರು ಹಿಡಿದು ಕರೆದಳು: “ಹೊಂಬಯ್ಯಾ... ಬಂದೆ ಇರಿ.”

ಅಷ್ಟೇ. ಕತ್ತು ವಾಲಿತು.

ಮರಿಮಾದ ಎದ್ದು ಕುಣಿದ. ದಪ್ಪ ಅಕ್ಷರದಲ್ಲಿ ಬರೆದ. “ಬಂತು ಕಣವ್ವ! ಹೆಸರು ಬಂತು! ಬರ್ಕೊಂಡೆ! ಈಗ ಮೊದಲಿಂದ ಹೇಳು!”

ಅವ್ವ ಹೇಳಲಿಲ್ಲ. ಅವನು ಪೆನ್ಸಿಲ್ ಹಿಡಿದು ಕಾಯುತ್ತಾ ಕೂತ. ನಡುವೆ ಬಾಯಿ ಹಾಕಲಿಲ್ಲ.