ಮುಕ್ಕಾಲಮ್ಮ ಬೇಡಿದ ಕಾಲು

ದ್ವಾಪರಯುಗವು ತನ್ನ ಸಂಧ್ಯಾಕಾಲವನ್ನು ಸಮೀಪಿಸುತ್ತಿದ್ದ, ಕಲಿಪುರುಷನು ಇನ್ನೂ ಹೊಸ್ತಿಲಾಚೆಯೇ ನಿಂತು ಇಣುಕುತ್ತಿದ್ದ ಪುಣ್ಯಕಾಲದಲ್ಲಿ, ತರುಲತಾವಿಹೀನವೂ ಖರಶಿಲಾಸಂಕುಲವೂ ಸೂರ್ಯಕಿರಣಸಂತಪ್ತವೂ ಆದ ಮುಂಡಶಿಲಾಚಲವೆಂಬ ಗಿರಿಯ ನೆತ್ತಿಗೆ, ಶುಷ್ಕಕಂಠನೆಂಬ ಮಹರ್ಷಿಯು ದಂಡಕಮಂಡಲಧಾರಿಯಾಗಿ ಆಗಮಿಸಿದನು. ಮುಂಡಶಿಲಾಚಲವೆಂದರೆ ಯಾವುದೋ ದೂರದೇಶದ ಪರ್ವತವೆಂದು ಭಕ್ತಾದಿಗಳು ಗಾಬರಿಯಾಗಬೇಕಿಲ್ಲ. ತಾವು ಈಗಷ್ಟೇ ಏದುಸಿರು ಬಿಡುತ್ತಾ ಹತ್ತಿಬಂದ ಬೋಳುಗುಡ್ಡವೇ ಅದು. ಮಹರ್ಷಿಗೆ ಆ ಹೆಸರೇಕೆಂದು ಕೇಳುವವರುಂಟು. ಕೇಳಲಿ, ಕೇಳಬೇಕು. ಪುರಾಣವೆಂದ ಮಾತ್ರಕ್ಕೆ ಕಣ್ಣು ಮುಚ್ಚಿ ತಲೆಯಾಡಿಸುವ ಭಕ್ತರನ್ನು ಕಂಡರೆ, ಈ ದೇವಸ್ಥಾನದ ಅರ್ಚಕನಾಗಿ ಈ ಪುಸ್ತಿಕೆಯನ್ನು ಬರೆಯುತ್ತಿರುವ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಕಮಂಡಲದ ನೀರನ್ನೆಲ್ಲ ದಾರಿಯಲ್ಲಿ ಸಿಕ್ಕಿದ ಬಾಯಾರಿದವರಿಗೆ ಕೊಟ್ಟು, ತಾನು ಒಣಗಂಟಲಲ್ಲೇ ಮಂತ್ರ ಹೇಳುತ್ತಿದ್ದ ಕಾರಣದಿಂದ ಅವನಿಗೆ ಆ ಹೆಸರು ಬಂತು.

ಇಂತಹ ಕರುಣಾಳುವು ಈ ನಿರ್ಜಲಪ್ರದೇಶದ ಪಶುಪಕ್ಷಿಮನುಷ್ಯಾದಿ ಸಕಲ ಜೀವರಾಶಿಯ ದಾಹವನ್ನು ಕಂಡು ಮರುಗಿ, ಪಂಚಾಗ್ನಿಮಧ್ಯದಲ್ಲಿ ಏಕಪಾದದ ಮೇಲೆ ನಿಂತು ಘೋರತಪಸ್ಸನ್ನಾಚರಿಸಲು, ಪಾತಾಳವಾಸಿನಿಯಾದ ಜಲದೇವಿಯು ಪ್ರಸನ್ನಳಾಗಿ, ಗುಡ್ಡದ ನೆತ್ತಿಯ ಹೆಬ್ಬಂಡೆಯನ್ನು ಸೀಳಿಕೊಂಡು ಸ್ಫಟಿಕನಿರ್ಮಲವಾದ ಚಿಲುಮೆಯ ರೂಪದಲ್ಲಿ ಮೇಲೆ ಬಂದಳು. ಅಲ್ಲಿಂದ ಅವಳು ಸಣ್ಣ ಹರಿವಾಗಿ ಕಲ್ಲಿನಿಂದ ಕಲ್ಲಿಗೆ ಇಳಿದು ತಪ್ಪಲಿನ ಕಂಟಿಗಳ ಕಡೆಗೆ ಹೋಗುತ್ತಿದ್ದಳು. ಮಹರ್ಷಿಯು ನೀರನ್ನು ಬೇಡಿದನೇ ಹೊರತು, ಬಂದ ನೀರನ್ನು ಹೇಗೆ ಇಟ್ಟುಕೊಳ್ಳಬೇಕೆಂದು ಕೇಳಲಿಲ್ಲ. ಮುಂದಿನದಕ್ಕೆಲ್ಲ ಅದೇ ಮೂಲ.

ನೀರಿನ ಸುದ್ದಿ ಹಬ್ಬಿ, ದನಕರುಗಳ ಸಮೇತ ಗೊಲ್ಲರು ಬಂದು ಹಟ್ಟಿ ಹಾಕಿದರು. ಅವರಲ್ಲಿ ಬಡಿಯಣ್ಣನೆಂಬ ಗೋಪಾಲಕನೂ, ಅವನ ಧರ್ಮಪತ್ನಿಯಾದ ಮಲೆಯವ್ವನೂ, ಅವರ ಗಂಡುಮಕ್ಕಳಿಬ್ಬರೂ, ಹೊನ್ನಿ ಎಂಬ ಕಿರಿಯ ಹೆಣ್ಣುಕೂಸೂ ಇದ್ದರು. ಈ ಮಲೆಯವ್ವನಿಗೆ ಒಂದು ಕೆಟ್ಟ ಚಾಳಿ ಇತ್ತೆಂದು ಹಟ್ಟಿಯವರ ದೂರು: ಯಾವುದನ್ನು ಕಂಡರೂ ಯಾಕೆ ಎಂದು ಕೇಳುವುದು.

ಮಹರ್ಷಿಯು ಪರಮಸಂತುಷ್ಟನಾಗಿ, ಈ ತೀರ್ಥದಲ್ಲಿ ಮಿಂದವರ ಜನ್ಮಜನ್ಮಾಂತರಗಳ ಪಾಪರಾಶಿಯು ಸೂರ್ಯನೆದುರಿನ ಮಂಜಿನಂತೆ ಕರಗುವುದೆಂದು ಫಲಶ್ರುತಿಯನ್ನು ನುಡಿದನು. ಅಷ್ಟು ಸಾಕಾಯಿತು. ಇಂತಹ ಪರಮಪಾವನ ಜಲವು ಮುಳ್ಳುಕಂಟಿಗಳ ಬುಡಕ್ಕೆ ಹರಿದು ಪೋಲಾಗುತ್ತಿದೆಯಲ್ಲಾ ಎಂದು ಜನರಿಗೆ ಹೊಟ್ಟೆ ಉರಿಯಿತು. ಕಲ್ಲು ಮಣ್ಣು ಹೊತ್ತು ತಂದು, ಹಸುವಿನ ಸಗಣಿಯಿಂದ ಸಾರಿಸಿ, ನೀರು ಹೊರಹೋಗುವ ಬಾಯಿಗೆ ಭದ್ರವಾದ ಏರಿಯೊಂದನ್ನು ಕಟ್ಟಿ ಮುಚ್ಚಿಬಿಟ್ಟರು. ನೀರು ನಿಂತು ಹೊಂಡವಾಯಿತು. ಅದರಲ್ಲೇ ಮಿಂದರು, ಅದರಲ್ಲೇ ಮಡಿಬಟ್ಟೆ ಹಿಂಡಿದರು, ಎಮ್ಮೆಗೂ ಪೂರ್ವಜನ್ಮದ ಪಾಪವಿದ್ದೀತೆಂದು ಎಮ್ಮೆಯನ್ನೂ ಇಳಿಸಿದರು, ಹೂವು ಬಾಳೆಹಣ್ಣು ತುಪ್ಪದ ದೀಪಗಳನ್ನು ತೇಲಿಬಿಟ್ಟರು. ಆಮೇಲೆ ಭಕ್ತಿಯಿಂದ ಬೊಗಸೆಯೆತ್ತಿ, ಕಣ್ಣಿಗೊತ್ತಿಕೊಂಡು, ಅದನ್ನೇ ಕುಡಿದರು.

ಒಂದು ದಿನ ಕೊಡ ಹೊತ್ತು ಬಂದ ಮಲೆಯವ್ವ, ಜಪಕ್ಕೆ ಕುಳಿತಿದ್ದ ಮಹರ್ಷಿಯ ಮುಂದೆ ನಿಂತಳು.

“ಸ್ವಾಮಿ, ಮೊದ್ಲು ಬಗ್ಗಿ ನೋಡಿದ್ರೆ ತಳದ ಕಲ್ಲು ಕಾಣ್ತಿತ್ತು. ಈಗ ನನ್ನ ಕೈಯೇ ಕಾಣಲ್ಲ. ಯಾಕೆ?”

“ತಾಯೀ, ಜನರ ಪಾಪ ಕರಗಿ ಸೇರುತ್ತಿದೆಯಲ್ಲ, ಅದರ ಬಣ್ಣವದು” ಎಂದನು ಮಹರ್ಷಿ.

“ಪಾಪ ಕರಗಿದ್ಮೇಲೆ ಹೋಗ್ಬೇಕಲ್ವಾ? ಯಾಕೆ ಇಲ್ಲೇ ಉಳ್ಕೊಂಡೈತೆ? ಅದನ್ನ ನಾವು ಕುಡಿದ್ರೆ ಎಲ್ಲಿಗೆ ಹೋಗ್ತೈತೆ?”

ಮಹರ್ಷಿಯು ಪ್ರಾಮಾಣಿಕನಾದ್ದರಿಂದ ಜಪ ಬಿಟ್ಟು ಹೊಂಡದ ಕಡೆಗೆ ಕತ್ತು ತಿರುಗಿಸಿ ನೋಡಿದನು. ಹಿಂದೆಯೇ ಬಂದಿದ್ದ ಬಡಿಯಣ್ಣನು ಮಾತ್ರ ಹೆಂಡತಿಯ ತೋಳು ಹಿಡಿದು, “ಬಾಯ್ಮುಚ್ಚೇ ಸಾಕು. ದೊಡ್ಡೋರ ತಾವ ಹಿಂಗಾ ಎದುರು ಮಾತಾಡೋದು?” ಎಂದು ಗದರಿ ಕರೆದೊಯ್ದನು. ಆಕೆಯ ಪ್ರಶ್ನೆ ಅಲ್ಲಿಯೇ ಉಳಿಯಿತು.

ಆ ಬೇಸಗೆಯಲ್ಲಿ ಹಟ್ಟಿಗೆ ವಾಂತಿಭೇದಿ ಬಂತು. ಮಲೆಯವ್ವನ ಗಂಡುಮಕ್ಕಳಿಬ್ಬರೂ ಒಟ್ಟಿಗೆ ಮಲಗಿದರು. ಜ್ವರವೋ ಗಾಳಿಯೋ ಯಾರಿಗೂ ತಿಳಿಯದೆ, ತೀರ್ಥಕ್ಕಿಂತ ಮಿಗಿಲಾದ ಮದ್ದುಂಟೇ ಎಂದು ಎಲ್ಲರೂ ಹೇಳಿದ್ದರಿಂದ, ಆ ತಾಯಿಯು ಹೊಂಡದ ನೀರನ್ನು ತಂದು ತಂದು ತನ್ನ ಕೈಯಾರೆ ಇಬ್ಬರ ಬಾಯಿಗೂ ಹನಿಸಿದಳು. ಹನಿಸಿದಷ್ಟೂ ಮಕ್ಕಳು ಸೋತರು. ಸೋತಷ್ಟೂ ಆಕೆ ಹನಿಸಿದಳು. ಮೊದಲು ದೊಡ್ಡವನು, ಬೆನ್ನಿಗೇ ಚಿಕ್ಕವನು ಹೋದರು. ಇದನ್ನು ಬರೆಯುವಾಗ ನನಗೆ ಸಂಸ್ಕೃತಪದಗಳು ಒದಗುವುದಿಲ್ಲ. ಹೆತ್ತವಳ ಕೈಯಿಂದಲೇ ಹಾಗಾಯಿತು, ಅಷ್ಟೆ.

ಆಗ ದೇವಿಯು, ಇನ್ನು ತಾಳಲಾರದೆ, ನಡುಹಗಲಿನಲ್ಲಿ, ಸಮಸ್ತ ಜನರು ಮೀಯುತ್ತಿರುವಾಗಲೇ, ಬಂಡೆಯ ಸೀಳಿನೊಳಗಿಂದ ಮೇಘಗಂಭೀರಧ್ವನಿಯಲ್ಲಿ ನುಡಿದಳು:

“ನನಗೆ ಕಾಲು ಕೊಡಿ!”

ಎಲ್ಲರೂ ಕೇಳಿದರು. ಕೇಳಿದ್ದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅರ್ಥದಲ್ಲಿ ಮಾತ್ರ ಎಡವಿದರು. ಕಾಲೆಂದರೆ ಪಾದ, ದೇವಿಯು ಪಾದಪೂಜೆಯನ್ನು ಅಪೇಕ್ಷಿಸಿದ್ದಾಳೆ ಎಂದನು ಮಹರ್ಷಿ. ಇಂದಿಗೂ ಹರಕೆ ಹೊತ್ತವರು ಬೆಳ್ಳಿಯ ಕಣ್ಣು, ಬೆಳ್ಳಿಯ ಕೈ ಒಪ್ಪಿಸುವುದುಂಟಷ್ಟೆ. ಹಾಗೆಯೇ ಅಂದು ಕಂಡಕಂಡವರೆಲ್ಲ ಕಾಲುಗಳನ್ನು ಮಾಡಿಸಿದರು. ಇದ್ದವರು ಬೆಳ್ಳಿಯಲ್ಲಿ, ಇಲ್ಲದವರು ಮರದಲ್ಲಿ, ಅದೂ ಇಲ್ಲದವರು ಹಸಿಮಣ್ಣಿನಲ್ಲಿ. ಎಲ್ಲವನ್ನೂ ಅರಿಸಿನಕುಂಕುಮ ಮೆತ್ತಿ ಹೊಂಡಕ್ಕೆ ಹಾಕಿದರು. ಮಣ್ಣಿನ ಕಾಲುಗಳು ಕರಗಿ ಕೆಸರಾದವು. ಕಾಯಿಲೆ ಇಳಿಯಲಿಲ್ಲ.

ಆಗ ಹಟ್ಟಿಯ ಹಿರಿಯನೊಬ್ಬನು, “ಅಯ್ಯೋ ಪೆದ್ದುಗಳಾ! ಕಾಲು ಅಂದ್ರೆ ಕಾಲುಭಾಗ ಕಣ್ರೋ. ಕರೆದ ಹಾಲ್ನಾಗೆ ಕಾಲುಪಾಲು ಕೇಳ್ತಾವ್ಳೆ ತಾಯಿ” ಎಂದನು. ಅದೂ ಸರಿಯೆನಿಸಿತು. ಮನೆಮನೆಯ ಕಾಲುಪಾಲು ಹಾಲು ಹೊಂಡಕ್ಕೆ ಬಿತ್ತು. ಬೇಸಗೆಯ ಬಿಸಿಲಿಗೆ ನಿಂತ ನೀರಿನಲ್ಲಿ ಹಾಲು ಏನಾಗುತ್ತದೆಂದು ಅಡುಗೆಮನೆ ಬಲ್ಲವರಿಗೆ ನಾನು ಹೇಳಬೇಕಿಲ್ಲ. ಮೂಗು ಮುಚ್ಚಿಕೊಂಡೇ ಪ್ರದಕ್ಷಿಣೆ ಹಾಕಿದರು ಮಹಾರಾಯರು, ನಿಲ್ಲಿಸಲಿಲ್ಲ.

ಅಷ್ಟರಲ್ಲಿ ಹೊನ್ನಿಯೂ ಮಲಗಿದಳು.

ಬಡಿಯಣ್ಣನು ಓಡಿಹೋಗಿ ತಂಬಿಗೆಯ ತುಂಬ ತೀರ್ಥ ತಂದನು. “ಅವ್ವಾ, ನೀರು” ಎಂದಿತು ಕೂಸು. ಮಲೆಯವ್ವ ತಂಬಿಗೆಯನ್ನೆತ್ತಿ ಕೂಸಿನ ತುಟಿಯ ಹತ್ತಿರ ತಂದವಳು, ಕೈ ತಡೆದಳು.

“ಕುಡಿಸೇ, ನೋಡ್ತಾ ಕೂತ್ಯಲ್ಲ!” ಎಂದನು ಬಡಿಯಣ್ಣ.

“ಆ ಇಬ್ರಿಗೂ ನಾನೇ ಕುಡಿಸ್ದೆ. ಇದೇ ಕೈ, ಇದೇ ನೀರು” ಎಂದಳು ಮಲೆಯವ್ವ. “ಯಾಕೆ ಹೋದ್ರು ಅವ್ರು? ಯಾರಾನಾ ಹೇಳ್ರೋ ನಂಗೆ. ಯಾಕೆ?”

ಆಕೆ ತಂಬಿಗೆಯನ್ನು ಅಂಗಳಕ್ಕೆ ಚೆಲ್ಲಿ, ಮಗುವನ್ನು ಗಂಡನ ತೊಡೆಗೆ ಹಾಕಿ, ಕೆದರಿದ ಕೂದಲಲ್ಲೇ ಗುಡ್ಡ ಹತ್ತಿದಳು. ಮಹರ್ಷಿಯೂ ಭಕ್ತಸಮೂಹವೂ ನೋಡುತ್ತಿದ್ದಂತೆ ಏರಿಯ ಮೇಲೆ ನಿಂತು, ಬಾಯಿಗೆ ಬಂದಂತೆ ದೇವಿಯನ್ನು ಬೈದಳು. “ಏನೇ, ಕಾಲು ಬೇಕಾ ನಿಂಗೆ? ನನ್ನ ಮಕ್ಕಳ ಓಡಾಡೋ ಕಾಲು ನಾಕೂ ತಗೊಂಡ್ಯಲ್ಲ, ಸಾಕಾಗ್ಲಿಲ್ವಾ? ಇನ್ನೂ ಬೇಕಾ? ತಗಾ!” ಎಂದವಳೇ ಏರಿಗೆ ಝಾಡಿಸಿ ಒದ್ದಳು.

“ತೀರ್ಥಕ್ಕೆ ಒದೀತಾವ್ಳೆ, ಹಿಡೀರೋ!” ಎಂದು ಜನ ಹಾಹಾಕಾರ ಮಾಡಿದರು. ಎಮ್ಮೆಗಳು ತುಳಿದು ತುಳಿದು ಮೆತ್ತಗಾಗಿದ್ದ ಏರಿಯು ಮತ್ತೆ ಒದ್ದ ಏಟಿಗೆ ಬಾಯಿಬಿಟ್ಟಿತು. ಹೊಂಡದ ಹಸಿರುಜಲವು ಬಾಳೆಹಣ್ಣು, ಹಾವಸೆ, ಒಡೆದ ಹಾಲು, ಮರದ ಕಾಲುಗಳ ಸಮೇತ ಗುಡ್ಡವಿಳಿದು ಹೋಯಿತು. ಹೋಗುತ್ತಲೇ ಇತ್ತು. ಹೊಂಡ ಬರಿದಾದ ಮೇಲೆ, ಬಂಡೆಯ ಸೀಳಿನಿಂದ ಮೊದಲಿನಂತೆಯೇ ತಿಳಿಯಾದ ನೀರು ಸಣ್ಣಗೆ ಬಂದು, ಒಡೆದ ಬಾಯಿಯಿಂದ ತನ್ನ ಹಳೆಯ ದಾರಿಯನ್ನು ಹಿಡಿದು ಹೊರಟಿತು. ಜನರು ಗರಬಡಿದು ನೋಡುತ್ತಿರಲು, ದೇವಿಯು ಪ್ರತ್ಯಕ್ಷಳಾಗಿ ಹೀಗೆಂದಳು:

“ನಾನು ಬೇಡಿದ ಕಾಲು ಇದೇ. ನಿಮ್ಮ ಪೂರ್ವಿಕರು ಕಾಲುವೆಯನ್ನೂ ಕಾಲೆಂದೇ ಕರೆಯುತ್ತಿದ್ದರು, ನೀವು ಮರೆತಿರಿ. ನಡೆಯುವವಳಾದ ನನ್ನನ್ನು ಕೂಡಿಹಾಕಿದರೆ ಕೆಡುತ್ತೇನೆ, ಕೆಟ್ಟರೆ ಕೊಲ್ಲುತ್ತೇನೆ. ನಿಮ್ಮ ಪಾಪವನ್ನು ನಾನು ಕರಗಿಸಬಲ್ಲೆ, ನಿಮ್ಮ ಕೊಳೆಯನ್ನು ಕರಗಿಸಲಾರೆ. ನನಗೆ ಮೂರು ಕಾಲು ಕಡಿಯಿರಿ. ಸೀಳಿಗೆ ತಾಗಿದ ಮೊದಲನೆಯದು ಬಾಯಿಗೆ, ಅದರಲ್ಲಿ ಯಾರೂ ಕೈಯದ್ದಬಾರದು. ಅದರ ಕೆಳಗಿನದು ಮೈಗೂ ಬಟ್ಟೆಗೂ. ಅದಕ್ಕೂ ಕೆಳಗಿನದು ದನಕರುಗಳಿಗೂ ಗಿಡಗಳಿಗೂ. ಇನ್ನೊಂದು ಮಾತು. ಸೀಳಿನೊಳಗಿನ ಜಲದಲ್ಲಿ ಮುಕ್ಕಾಲು ನಿಮ್ಮದು, ಕಾಲು ನನ್ನದು. ನನ್ನ ಪಾಲಿಗೆ ಕೈಹಾಕಿದರೆ ಮರುವರ್ಷ ನಾನಿಲ್ಲ.”

ಹಾಲಿನ ಹಿರಿಯನು ಹೇಳಿದ ಅರ್ಥವೂ ಪೂರ್ತಿ ಸುಳ್ಳಾಗಿರಲಿಲ್ಲ ನೋಡಿ! ಆದರೆ ಕಾಲುಪಾಲನ್ನು ಸುರಿಯಬೇಕಾಗಿರಲಿಲ್ಲ, ಮುಟ್ಟದೆ ಬಿಡಬೇಕಾಗಿತ್ತು.

ಎಲ್ಲರೂ ಸಾಷ್ಟಾಂಗ ಮಲಗಿದರು. ಮಲೆಯವ್ವ ಮಲಗಲಿಲ್ಲ.

“ಇಷ್ಟೆಲ್ಲ ಗೊತ್ತಿದ್ದೋಳು ಮೊದ್ಲೇ ಯಾಕೆ ಹೇಳ್ಲಿಲ್ಲ ತಾಯಿ?” ಎಂದಳು.

ದೇವಿಯು ಆಕೆಯ ಮುಖವನ್ನು ನೋಡಲಾರದೆ ತಲೆ ತಗ್ಗಿಸಿದಳೆಂದು ಹಿರಿಯರು ಹೇಳುತ್ತಾರೆ. “ಹೇಳಿದೆನಮ್ಮಾ. ಮೊದಲು ಬಣ್ಣದಲ್ಲಿ ಹೇಳಿದೆ, ಆಮೇಲೆ ವಾಸನೆಯಲ್ಲಿ ಹೇಳಿದೆ. ನೀರಿಗೆ ಬರುವ ಮಾತು ಅದೇ. ಕೇಳಿಸಿಕೊಂಡವಳು ನೀನೊಬ್ಬಳೇ, ನಿನ್ನ ಬಾಯನ್ನು ಎಲ್ಲರೂ ಮುಚ್ಚಿಸಿದರು.”

ಇದನ್ನು ಕೇಳಿ ಶುಷ್ಕಕಂಠ ಮಹರ್ಷಿಯು ಕಮಂಡಲವನ್ನು ಸೀಳಿಗೊಡ್ಡಿ ತಿಳಿನೀರು ತುಂಬಿ, ತಾನೇ ಹೊತ್ತುಕೊಂಡು ಹಟ್ಟಿಗೆ ಓಡಿದನು. ಬೆನ್ನಿಗೇ ಇಳಿದು ಬಂದ ಮಲೆಯವ್ವ ಆ ನೀರನ್ನು ಕುದಿಸಿ, ಗಂಜಿ ಬೇಯಿಸಿ, ಅದರ ತಿಳಿಗೆ ಚಿಟಿಕೆ ಉಪ್ಪು ಹಾಕಿ, ಆರಿಸಿ, ಗುಟುಕು ಗುಟುಕಾಗಿ ಕುಡಿಸುತ್ತಾ ಕುಳಿತಳು. ಮೊದಮೊದಲು ಹೊನ್ನಿ ಕಕ್ಕಿದಳು. ತಾಯಿ ಬಿಡಲಿಲ್ಲ. ಬೆಳಗಾಗುವಾಗ ಮಗು ಕಣ್ಣರಳಿಸಿ, “ಅಪ್ಪ ಯಾಕೆ ಅಳ್ತೈತೆ?” ಎಂದು ಕೇಳಿತು. ತಾಯಿಯ ಚಾಳಿಯೇ ಬಂದಿತ್ತು ಅದಕ್ಕೂ. ಬಡಿಯಣ್ಣ ಅಂದಿನಿಂದ ಆ ಮನೆಯಲ್ಲಿ ಯಾರಿಗೂ ಬಾಯ್ಮುಚ್ಚು ಎನ್ನಲಿಲ್ಲ.

ಭಕ್ತಾದಿಗಳ ಎದುರಿಗೆ ಕಾಣುತ್ತಿರುವ, ಒಂದರ ಕೆಳಗೊಂದರಂತೆ ಕಲ್ಲಿನಲ್ಲಿ ಕಡಿದ ಮೂರು ಕಾಲುಗಳು ಅಂದು ಜನರೆಲ್ಲ ಸೇರಿ ಕಡಿದಂಥವು. ದೇವಿಗೆ ಮುಕ್ಕಾಲಮ್ಮನೆಂಬ ನಾಮಧೇಯ ಬಂದದ್ದು ಅವುಗಳಿಂದ. ನಮ್ಮ ಪಾಲು ಮುಕ್ಕಾಲೆಂಬುದೂ ಆ ಹೆಸರಿನಲ್ಲೇ ಅಡಗಿದೆ. ಸೀಳಿನೊಳಗೆ ಇಣುಕಿದರೆ ಬಂಡೆಯ ಮೇಲೊಂದು ಗೆರೆ ಕಾಣುತ್ತದೆ, ಅದರ ಕೆಳಗಿನದು ಅಮ್ಮನ ಕಾಲುಪಾಲು. ಬೇಸಗೆಯಲ್ಲಿ ನೀರು ಆ ಗೆರೆಗೆ ಇಳಿದ ದಿನ ಕೆಳಗಿನ ಎರಡು ಕಾಲುಗಳಿಗೆ ಕಲ್ಲು ಅಡ್ಡವಿಡುತ್ತೇವೆ. ಆಮೇಲೆ ಗೆರೆಯ ಮೇಲೆ ಊರಿ ಬಂದಷ್ಟು ಮಾತ್ರ, ಅದೂ ಕುಡಿಯಲು ಮಾತ್ರ. ಆಗ ಸ್ನಾನವಾಗಲಿಲ್ಲವೆಂದು ನನ್ನೊಡನೆ ಜಗಳಕ್ಕೆ ಬರಬೇಡಿ.

ಚೈತ್ರಮಾಸದಲ್ಲಿ ಇಲ್ಲಿ ನಡೆಯುವ ಉತ್ಸವಕ್ಕೆ ಕಾಲು ತೊಳೆಯುವ ಹಬ್ಬವೆಂದು ಹೆಸರು. ಅಂದು ಊರಿನವರೆಲ್ಲ ಬುಟ್ಟಿ ಹಿಡಿದು, ಕೆಳಗಿನಿಂದ ಮೇಲಕ್ಕೆ ಮೂರೂ ಕಾಲುಗಳ ಹೂಳೆತ್ತುತ್ತಾರೆ. ಒಂದು ಬುಟ್ಟಿ ಕೆಸರನ್ನಾದರೂ ಹೊರದವರಿಗೆ ಪ್ರಸಾದವಿಲ್ಲ. ಪ್ರತಿದಿನವೂ ಬೆಳಿಗ್ಗೆ ಅರ್ಚಕನು ಮೊದಲ ಕಾಲಿನ ನೀರನ್ನು ಬಿಳಿಯ ಬಟ್ಟಲಲ್ಲಿ ಹಿಡಿದು, ನೋಡಿ, ಮೂಸಿ, ತಾನು ಕುಡಿದ ನಂತರವೇ ಇತರರಿಗೆ ಕೊಡತಕ್ಕದ್ದು. ನೆರೆದವರು “ಅಮ್ಮ ಏನಾದರೂ ಅಂದಳೇ?” ಎಂದು ಕೇಳಬೇಕು. ಅನುಮಾನ ಬಂದರೆ ಬಾಗಿಲು ಹಾಕುತ್ತೇವೆ, ಎಷ್ಟು ದೊಡ್ಡವರು ಬಂದಿದ್ದರೂ ಸರಿ.

ಮೊದಲ ಕಾಲಿನ ಎರಡೂ ಬದಿಗೆ, ಮೊಣಕಾಲೆತ್ತರದ ಎರಡು ನುಣುಪುಗಲ್ಲುಗಳಿವೆ. ಅವು ದ್ವಾರಪಾಲಕರಲ್ಲ. ಕಾಲುಗಳನ್ನು ಕಡಿದು ಮುಗಿಸಿದ ದಿನ ಮಲೆಯವ್ವ ಅವನ್ನು ತಂದು ನೆಟ್ಟಳು, ತನ್ನ ಹುಡುಗರು ಎಂದು. ಬಲಗಡೆಯದು ದೊಡ್ಡವನು. ನೀರಿಗೆ ಬಗ್ಗುವವರು ಇಬ್ಬರ ನಡುವೆ ಬಗ್ಗಿಯೇ ಹಿಡಿಯಬೇಕು, ಬೇರೆ ದಾರಿಯನ್ನು ಆಕೆ ಬಿಡಲಿಲ್ಲ. ದಯಮಾಡಿ ಆ ಕಲ್ಲುಗಳಿಗೆ ಅರಿಸಿನ ಕುಂಕುಮ ಹಚ್ಚಬೇಡಿ, ಹಾಲೆರೆಯಬೇಡಿ. ನೀರಿಗೆ ಇಳಿಯುತ್ತದೆ.