ಕಾಲು ನೆಲ ಮುಟ್ಟದ ಕುರ್ಚಿ

ಧಾರವಾಡದಲ್ಲಿ ಮಕ್ಕಳ ಪುಸ್ತಕ ಅಚ್ಚು ಹಾಕಿಸುವ ಒಂದು ಸಣ್ಣ ಪ್ರಕಾಶನದ ಕಚೇರಿ ಇತ್ತು. ಗುರುಸಿದ್ಧಪ್ಪ ಹಂಚಿನಾಳ ಅದರ ವ್ಯವಸ್ಥಾಪಕ. ಆರಡಿ ಎತ್ತರದ ಆಳು, ಶಿಸ್ತಿನ ಮನುಷ್ಯ. ಅಕ್ಷರವಿದ್ದ ಕಾಗದ ನೆಲಕ್ಕೆ ಬಿದ್ದಿದ್ದರೆ ಎತ್ತಿ ಕಣ್ಣಿಗೊತ್ತಿಕೊಂಡೇ ಮುಂದೆ ಹೋಗುತ್ತಿದ್ದ.

ಅದೇ ಕಚೇರಿಯಲ್ಲಿ ಕಸ್ತೂರಿಬಾಯಿ ಎಂಬ ಹೆಣ್ಣುಮಗಳು ಕರಡು ತಿದ್ದುತ್ತಿದ್ದಳು. ಗಿಡ್ಡ ಮೈಕಟ್ಟು, ಕಡಿಮೆ ಮಾತು. ಹಳೆಯ ಕಟ್ಟಿಗೆ ಕುರ್ಚಿಯಲ್ಲಿ ದಿನವೆಲ್ಲ ಕೂತು ಅವಳ ಸೊಂಟ ಹಿಡಿದುಕೊಂಡಿತ್ತು. ಅವಳು ಗೋಡೆ ಹಿಡಿದು ಏಳುವುದು ಒಂದು ದಿನ ಮಾಲೀಕರ ಕಣ್ಣಿಗೆ ಬಿತ್ತು.

"ಹಂಚಿನಾಳರ, ನಮ್ಮ ಕಚೇರಿ ನಾಲ್ಕೂ ಮಂದಿಗೆ ಬೆನ್ನಿಗೆ ಹಿತ ಆಗೂವಂಥಾ ಖುರ್ಚಿ ತರ್ರಿ," ಎಂದರು ಅವರು. "ಭಾಳ ತುಟ್ಟಿ ಬ್ಯಾಡ. ಆದ್ರ ಕಸ್ತೂರಿಬಾಯಿಗೆ ಆರಾಮ ಆಗಬೇಕು."

ಗುರುಸಿದ್ಧಪ್ಪ ಒಬ್ಬನೇ ಹುಬ್ಬಳ್ಳಿಗೆ ಹೋದ. ಅಂಗಡಿಯವನು ಹೆಚ್ಚುಕಡಿಮೆ ಒಂದೇ ಬೆಲೆಯ ಎರಡು ಕುರ್ಚಿ ತೋರಿಸಿದ. ಒಂದು ಸಾದಾ, ಬಲೆಯಂಥ ಬೆನ್ನಿನದು. ಹಿಡಿಕೆ ಒತ್ತಿದರೆ ಸಾಕಷ್ಟು ಕೆಳಗಿಳಿಯುತ್ತಿತ್ತು. ಇನ್ನೊಂದು ಕಪ್ಪು ಹೊದಿಕೆಯದು, ತಲೆ ಆನಿಸಲು ದಿಂಬು ಇದ್ದದ್ದು. ಗುರುಸಿದ್ಧಪ್ಪ ಕಪ್ಪು ಕುರ್ಚಿಯಲ್ಲಿ ಕೂತ. ಬೆನ್ನು, ಭುಜ, ತಲೆ ಎಲ್ಲಕ್ಕೂ ಹದವಾಗಿತ್ತು. ಎದುರಿನ ಕನ್ನಡಿಯಲ್ಲಿ ತನಗೆ ತಾನೇ ದೊಡ್ಡ ಸಾಹೇಬನ ಹಾಗೆ ಕಂಡ.

"ನಿಮಗ ಇದು ಸರಿ ಐತ್ರಿ," ಎಂದ ಅಂಗಡಿಯವ. "ಆದ್ರ ಇದು ಕೆಳಗ ಭಾಳ ಇಳಿಯೂದಿಲ್ಲ. ಕೂಡೂ ಮಂದೀನ ಕರಕೊಂಡ ಬರ್ರಿ, ಅವರ ಕೂತ ನೋಡ್ಲಿ."

"ಅವರನ್ನ ಎಲ್ಲಿ ಕರಕೊಂಡ ಬರೂದು? ನನಗ ಹಿತ ಆತಂದ್ರ ಎಲ್ಲಾರಿಗೂ ಆಗ್ತೈತಿ," ಎಂದು ಗುರುಸಿದ್ಧಪ್ಪ ನಾಲ್ಕು ಕಪ್ಪು ಕುರ್ಚಿಗಳನ್ನು ಗಾಡಿಗೆ ಹೇರಿಸಿದ.

ಕಚೇರಿಯಲ್ಲಿ ಎಲ್ಲರೂ ಸುತ್ತ ನಿಂತು ಕುರ್ಚಿ ಮುಟ್ಟಿ ಮುಟ್ಟಿ ನೋಡಿದರು. ಕಸ್ತೂರಿಬಾಯಿ ಕೂತಳು.

"ಹೆಂಗೈತ್ರಿ?" ಎಂದು ಕೇಳಿದ ಗುರುಸಿದ್ಧಪ್ಪ.

"ಚಲೋ ಐತ್ರಿ, ಸರ್," ಎಂದಳು. ಅವನು ಅವಳ ಮುಖ ನೋಡಿದ. ಕಾಲು ನೋಡಲಿಲ್ಲ.

ಒಂದು ತಿಂಗಳಾಯಿತು. ಕತೆ ಬರೆಯುವ ಚಂಪಾವತಿ ಅಕ್ಕೋರು ತಮ್ಮ ಹೊಸ ಪುಸ್ತಕದ ಕರಡು ನೋಡಲು ಬಂದರು. ನಿವೃತ್ತ ಶಿಕ್ಷಕಿ, ಊರೆಲ್ಲ ಗೌರವ ಕೊಡುವ ಹಿರಿಯರು. ಗುರುಸಿದ್ಧಪ್ಪ ಅವರಿಗೆ ಹೊಸ ಕುರ್ಚಿಗಳನ್ನು ತೋರಿಸುತ್ತ ಒಳಗೆ ಕರೆತಂದ. ಕಸ್ತೂರಿಬಾಯಿಯ ಮೇಜಿನ ಹತ್ತಿರ ಬಂದಾಗ ಅವನ ಮಾತು ನಿಂತಿತು. ಮೇಜಿನ ಕೆಳಗೆ ಹಳೆಯ ಕರಡಿನ ಎರಡು ಕಟ್ಟುಗಳಿದ್ದವು. ಅವುಗಳ ಮೇಲೆ ಅವಳ ಪಾದಗಳಿದ್ದವು.

"ಅಕ್ಷರದ ಮ್ಯಾಲ ಕಾಲ ಇಡ್ತೀರೇನು?" ಎಂದ. ದನಿ ಏರಿತ್ತು. ಉಳಿದವರು ತಲೆ ಎತ್ತಿ ನೋಡಿದರು. "ಇದರ ಮ್ಯಾಲ ನಮ್ಮ ಹೊಟ್ಟಿ ತುಂಬತೈತಿ. ಇಷ್ಟ ವರ್ಷ ಪುಸ್ತಕದಾಗ ಇದ್ದು ಇಷ್ಟೂ ತಿಳೀಲಿಲ್ಲೇನು ನಿಮಗ?"

ಕಸ್ತೂರಿಬಾಯಿಯ ಮುಖ ಕೆಂಪೇರಿತು. ಕೆಳಗಿಳಿದು, ಬಗ್ಗಲಾರದೆ ಬಗ್ಗಿ, ಕಟ್ಟುಗಳನ್ನು ಎತ್ತಿ ಕಣ್ಣಿಗೊತ್ತಿಕೊಂಡು ಕಪಾಟಿನಲ್ಲಿಟ್ಟಳು. "ತಪ್ಪಾತ್ರಿ," ಎಂದಳು.

ಗುರುಸಿದ್ಧಪ್ಪ ಅದೇ ಕುರ್ಚಿಯನ್ನು ಒರೆಸಿ ಅತಿಥಿಯ ಮುಂದೆ ಸರಿಸಿದ. "ನೀವು ಕೂಡ್ರಿ, ಅಕ್ಕೋರ."

ಅಕ್ಕೋರೂ ಗಿಡ್ಡ ಮೈಕಟ್ಟಿನವರೇ. ಕೂತರು. ಅವರ ಎರಡೂ ಕಾಲು ಗಾಳಿಯಲ್ಲಿ ತೂಗಾಡಿದವು. ಕರಡು ಹಿಡಿದು ನಾಲ್ಕು ಪುಟ ಓದುವಷ್ಟರಲ್ಲಿ ಮೂರು ಸಲ ಮಿಸುಕಾಡಿದರು. ಬೆನ್ನು ಆನಿಸಿದರೆ ಕಾಲು ಜೋತುಬೀಳುತ್ತಿತ್ತು, ಕಾಲು ಊರಲು ಮುಂದೆ ಸರಿದರೆ ಬೆನ್ನಿಗೆ ಆಸರೆ ಇರುತ್ತಿರಲಿಲ್ಲ.

"ತೊಡಿ ಜೋಮು ಹಿಡೀತು," ಎಂದರು ಅಕ್ಕೋರು. ಆಮೇಲೆ ಕಸ್ತೂರಿಬಾಯಿಯ ಕಡೆ ತಿರುಗಿದರು. "ಎಷ್ಟ ದಿನದಿಂದ ಇದರ ಮ್ಯಾಲ ಕೂಡಾಕತ್ತಿ, ತಂಗಿ?"

"ಒಂದ ತಿಂಗಳಾತ್ರಿ."

"ಹೇಳಬಾರದಿತ್ತೇನು?"

ಕಸ್ತೂರಿಬಾಯಿ ನೆಲ ನೋಡುತ್ತ ಹೇಳಿದಳು: "ಸರ್ ಅಷ್ಟ ಹುರುಪಿನಿಂದ ತಂದಿದ್ರು."

ಗುರುಸಿದ್ಧಪ್ಪನಿಗೆ ಯಾರಾದರೂ ತನ್ನನ್ನು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಯಾರೂ ಬೈಯಲಿಲ್ಲ. ಅವಳ ಸೊಂಟಕ್ಕೆಂದೇ ತರಿಸಿದ ಕುರ್ಚಿ. ತನ್ನ ಸೊಂಟಕ್ಕೆ ಅಳತೆ ನೋಡಿ ತಂದಿದ್ದ.

ಅತಿಥಿ ಹೋದ ಮೇಲೆ ಅವನು ಕಸ್ತೂರಿಬಾಯಿಯನ್ನು ಪಡಸಾಲೆಗೆ ಕರೆದು ಮೆಲ್ಲಗೆ, "ತಪ್ಪಾತು, ಮನಸಿನ್ಯಾಗ ಇಟ್ಕೋಬ್ಯಾಡ್ರಿ," ಎಂದ. "ಇರ್ಲಿ ಬಿಡ್ರಿ, ಸರ್," ಎಂದಳು ಅವಳು. ಅವನ ಎದೆ ಹಗುರಾಯಿತು. ಆದರೆ ಮರಳಿ ಒಳಗೆ ಕಾಲಿಟ್ಟಾಗ ಉಳಿದವರು ಅವಳನ್ನು ನೋಡಿದ ರೀತಿ ಅವನ ಕಣ್ಣಿಗೆ ಬಿತ್ತು. ಅವರ ಲೆಕ್ಕದಲ್ಲಿ ಅವಳಿನ್ನೂ ಅಕ್ಷರ ತುಳಿದವಳೇ. ಬೈದದ್ದು ಎಲ್ಲರೆದುರು, ಕ್ಷಮೆ ಕೇಳಿದ್ದು ಯಾರೂ ಇಲ್ಲದಲ್ಲಿ. ಅವನಿಗೆ ಮೊದಲಿಗಿಂತ ಹೆಚ್ಚು ನಾಚಿಕೆಯಾಯಿತು.

ಕೋಣೆಯ ನಡುವೆ ನಿಂತ. "ಎಲ್ಲಾರೂ ಸ್ವಲ್ಪ ಕೇಳ್ರಿ. ಕಸ್ತೂರಿಬಾಯಾರದ ಏನೂ ತಪ್ಪಿಲ್ಲ. ಆ ಖುರ್ಚಿಯಾಗ ಕೂತ್ರ ಅವರ ಕಾಲ ನೆಲಕ್ಕ ಎಟಕೂದಿಲ್ಲ. ಅಂಗಡಿಯವ ಹೇಳಿದ್ದ, ನಾನ ಕೇಳಲಿಲ್ಲ. ಕಾಲ ಇಡಾಕ ಅವರಿಗೆ ಬ್ಯಾರೆ ಏನೂ ಸಿಗಲಿಲ್ಲ. ತಪ್ಪು ನಂದು."

ಮರುದಿನ ಅವಳ ಕಪ್ಪು ಕುರ್ಚಿಯನ್ನು ಗಾಡಿಗೆ ಹೇರಿಸಿ, ಅವಳನ್ನೇ ಹುಬ್ಬಳ್ಳಿಗೆ ಕರೆದುಕೊಂಡು ಹೋದ. ಅಂಗಡಿಯವನ ಮುಂದೆಯೂ ತಲೆ ತಗ್ಗಿಸಬೇಕಾಯಿತು, ತಗ್ಗಿಸಿದ. ಅವಳು ಸಾದಾ ಕುರ್ಚಿಯಲ್ಲಿ ಕೂತಳು. ಹಿಡಿಕೆ ಒತ್ತಿದಾಗ ಅದು ಕೆಳಗಿಳಿದು, ಅವಳ ಅಂಗಾಲು ಪೂರ್ತಿ ನೆಲಕ್ಕೆ ಊರಿತು. ಅಂಗಡಿಯವನು ಕಪ್ಪು ಕುರ್ಚಿ ಮರಳಿ ಪಡೆದು ಸಾದಾ ಕುರ್ಚಿ ಕೊಟ್ಟ.

ಕೆಲವೇ ವಾರಗಳಲ್ಲಿ ಅವಳು ಗೋಡೆ ಹಿಡಿಯದೆ ಏಳತೊಡಗಿದಳು. ಆದರೆ ಗುರುಸಿದ್ಧಪ್ಪನ ಚಪ್ಪಲಿಯ ಸದ್ದು ಕೇಳಿದೊಡನೆ ಕಾಲುಗಳನ್ನು ಕುರ್ಚಿಯ ಕೆಳಗೆ ಎಳೆದುಕೊಳ್ಳುತ್ತಿದ್ದಳು. ಅವನಿಗೆ ಅದು ಪ್ರತಿ ಸಲವೂ ಕಾಣುತ್ತಿತ್ತು. ಆ ಅಂಜಿಕೆ ಹೋಗಲಿಕ್ಕೆ ಒಂದು ವರ್ಷ ಹಿಡಿಯಿತು.

ನೀತಿ: ಇನ್ನೊಬ್ಬರಿಗಾಗಿ ಏನನ್ನಾದರೂ ಆರಿಸುವಾಗ ಅವರನ್ನೇ ಕೇಳಬೇಕು, ನಮ್ಮ ಹಿತ ಅವರ ಹಿತಕ್ಕೆ ಅಳತೆಯಲ್ಲ. ಎಲ್ಲರೆದುರು ನೋಯಿಸಿದವರು ಎಲ್ಲರೆದುರೇ ತಪ್ಪೊಪ್ಪಿಕೊಳ್ಳಬೇಕು. ಹಾಗೆ ಒಪ್ಪಿಕೊಂಡರೂ ಆದ ನೋವು ಅಂದೇ ಮಾಯುವುದಿಲ್ಲ. ಅದಕ್ಕೇ ಬೈಯುವ ಮುಂಚೆ ಕಾರಣ ಕೇಳಬೇಕು.